ಗೊಬ್ಬರ ಕೇಳುವ ಮೊದಲು ನಲ್ಲಿಯನ್ನು ನೋಡಿ

ಪ್ರಶ್ನೆ: ನಮ್ಮ ಮನೆ ಯಲಹಂಕದ ಹೊರಭಾಗದಲ್ಲಿದೆ. ಮೂರು ವರ್ಷದ ಹಿಂದೆ ಮನೆಯ ಮುಂದಿನ 20 ಅಡಿಗೆ 30 ಅಡಿ ಜಾಗದಲ್ಲಿ ನರ್ಸರಿಯವರಿಂದ ‘ಮೆಕ್ಸಿಕನ್’ ಹುಲ್ಲು ಹಾಕಿಸಿದೆವು. ಮೊದಲ ವರ್ಷ ರತ್ನಗಂಬಳಿಯ ಹಾಗಿತ್ತು. ಕಳೆದ ವರ್ಷದಿಂದ ಹಳದಿಯಾಗುತ್ತಿದೆ, ಎಲೆಯ ತುದಿ ಸುಟ್ಟಂತೆ ಕಾಣುತ್ತದೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಬಿಡುತ್ತೇವೆ. ಬೋರ್‌ವೆಲ್ ನೀರು ಗಡಸು ಎಂದು ಒಂದೂವರೆ ವರ್ಷದ ಹಿಂದೆ ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಿದ್ದೇವೆ, ಆದ್ದರಿಂದ ನೀರಿನ ದೋಷ ಇರಲಾರದು. ಮಾಲಿ ತಿಂಗಳಿಗೊಮ್ಮೆ ಬಂದು ಕತ್ತರಿಸಿ, ಯೂರಿಯಾ ಎರಚಿ ಹೋಗುತ್ತಾರೆ. ಮಾವಿನ ಮರದ ಕೆಳಗೆ ನೆಲ ಬೋಳಾಗಿದೆ. ಅಲ್ಲಲ್ಲಿ ಜೇಕು ಎದ್ದಿದೆ, ಕಾಂಪೌಂಡಿನ ಕಡೆಯಿಂದ ಗರಿಕೆ ನುಗ್ಗುತ್ತಿದೆ, ಮೊನ್ನೆ ಅಣಬೆಯೂ ಬಂತು. ಯಾವ ಗೊಬ್ಬರ ಹಾಕಿದರೆ ಹುಲ್ಲು ಮತ್ತೆ ಹಸಿರಾಗುತ್ತದೆ?

ಉತ್ತರ: ಸದ್ಯಕ್ಕೆ ಯಾವ ಗೊಬ್ಬರವನ್ನೂ ಹಾಕಬೇಡಿ. ನಿಮ್ಮ ಪತ್ರದ ನಡುವೆ ‘ನೀರಿನ ದೋಷ ಇರಲಾರದು’ ಎಂದು ಬರೆದಿದ್ದೀರಲ್ಲ, ನನ್ನ ಗುಮಾನಿ ಇರುವುದು ಅಲ್ಲಿಯೇ. ಸಾಫ್ಟ್‌ನರ್ ಬಂದು ಒಂದೂವರೆ ವರ್ಷ, ಹುಲ್ಲು ಕೆಡಲು ಶುರುವಾಗಿ ಸುಮಾರು ಒಂದು ವರ್ಷ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಸಾಫ್ಟ್‌ನರ್ ಎಂಬ ಯಂತ್ರ ನೀರಿನಿಂದ ಉಪ್ಪನ್ನು ತೆಗೆಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತೆಗೆಯುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಅವುಗಳ ಜಾಗದಲ್ಲಿ ಬಿಟ್ಟು ಹೋಗುವುದು ಸೋಡಿಯಂ. ಆಗಾಗ ಅದರ ತೊಟ್ಟಿಗೆ ಮೂಟೆಯಿಂದ ಉಪ್ಪು ಸುರಿಯುತ್ತೀರಲ್ಲ, ಆ ಉಪ್ಪಿನ ಸೋಡಿಯಮ್ಮೇ ಇದು. ಸ್ನಾನಕ್ಕೆ, ಬಟ್ಟೆ ಒಗೆಯಲು, ಗೀಸರಿನ ಆಯುಷ್ಯಕ್ಕೆ ಈ ನೀರು ಒಳ್ಳೆಯದು. ಮಣ್ಣಿಗೆ ಮಾತ್ರ ಇದು ನಿಧಾನ ವಿಷ. ಜೇಡಿ ಮಣ್ಣಿನ ಸಣ್ಣ ಕಣಗಳನ್ನು ಹರಳು ಹರಳಾಗಿ ಹಿಡಿದಿಡುವುದು ಕ್ಯಾಲ್ಸಿಯಂ. ಅದರ ಸ್ಥಾನಕ್ಕೆ ಸೋಡಿಯಂ ಬಂದರೆ ಹರಳುಗಳು ಒಡೆದು, ಕಣಗಳು ಬಿಡಿಬಿಡಿಯಾಗಿ, ಗಾಳಿಯಾಡುವ ಸಂದುಗಳಲ್ಲೆಲ್ಲ ತುಂಬಿಕೊಳ್ಳುತ್ತವೆ. ಉದುರುದುರಾಗಿ ಇರಬೇಕಾದ ಉಪ್ಪಿಟ್ಟು ಗಂಜಿಯಾದ ಹಾಗೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದರೆ ನೆಲ ಹಪ್ಪಳದಂತೆ ಬಿರುಸಾಗುತ್ತದೆ, ಕೆಳಗೆ ಬೇರಿಗೆ ಉಸಿರು ಕಟ್ಟುತ್ತದೆ. ಬೇರು ಸೊರಗಿದಾಗ ಎಲೆ ಹಳದಿಯಾಗುತ್ತದೆ, ಹಳದಿಯಾಯಿತೆಂದು ಇನ್ನಷ್ಟು ನೀರು ಬಿಡುತ್ತೇವೆ, ಆ ನೀರಿನೊಂದಿಗೆ ಇನ್ನಷ್ಟು ಸೋಡಿಯಂ ಹೋಗುತ್ತದೆ.

ನನ್ನ ಮಾತನ್ನೇ ನಂಬಬೇಕಾಗಿಲ್ಲ. ಹುಲ್ಲಿನ ಕೆಳಗಿನಿಂದ ಕಡಲೆಕಾಳು ಗಾತ್ರದ ಒಂದೆರಡು ಮಣ್ಣಿನ ಹೆಂಟೆಗಳನ್ನು ತೆಗೆದು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಗಾಜಿನ ಲೋಟದಲ್ಲಿ ಮಳೆನೀರನ್ನಾಗಲಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನಾಗಲಿ ತೆಗೆದುಕೊಂಡು ಹೆಂಟೆಯನ್ನು ಮೆಲ್ಲಗೆ ಒಳಗೆ ಬಿಡಿ. ಕಲಕಬೇಡಿ, ಲೋಟವನ್ನು ಅಲುಗಿಸಲೂಬೇಡಿ. ಹೆಂಟೆ ಕುಸಿದು ಪುಡಿಯಾಗಿ, ಸುತ್ತಲಿನ ನೀರು ತಿಳಿಯಾಗಿಯೇ ಉಳಿದರೆ ನನ್ನ ಊಹೆ ತಪ್ಪು. ಎರಡು ಮೂರು ಗಂಟೆಯಲ್ಲಿ ಹೆಂಟೆಯ ಸುತ್ತ ಮಜ್ಜಿಗೆ ತಿಳಿಯಂಥ ಮಸುಕು ಮೋಡ ಎದ್ದರೆ ಮಣ್ಣಿಗೆ ಸೋಡಿಯಂ ಹತ್ತಿದೆ ಎಂದರ್ಥ. ನಲ್ಲಿ ನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಆ ನೀರಿನಲ್ಲಿರುವ ಲವಣಗಳೇ ಉತ್ತರವನ್ನು ಕೆಡಿಸುತ್ತವೆ. ಲ್ಯಾಬಿನಿಂದಲೇ ಖಾತ್ರಿ ಮಾಡಿಕೊಳ್ಳುವ ಮನಸ್ಸಿದ್ದರೆ ಐದಾರು ಕಡೆಯಿಂದ ನಾಲ್ಕು ಅಂಗುಲ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಒಣಗಿಸಿ, ಅರ್ಧ ಕೆ.ಜಿ.ಯಷ್ಟನ್ನು ಪರೀಕ್ಷೆಗೆ ಕೊಡಿ. ನಿಮಗೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಹತ್ತಿರವೇ ಇದೆ. ಕೊಡುವಾಗ ರಸಸಾರದ (ಪಿಎಚ್) ಜೊತೆಗೆ ಲವಣಾಂಶ ಮತ್ತು ಸೋಡಿಯಂ ಎರಡನ್ನೂ ನೋಡಬೇಕೆಂದು ಕೇಳಿ. ಬರಿಯ ‘ಮಣ್ಣು ಪರೀಕ್ಷೆ’ ಎಂದರೆ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಪಟ್ಟಿ ಕೈಗೆ ಬರುತ್ತದೆ. ನಿಮಗೀಗ ಬೇಕಾದದ್ದು ಅದಲ್ಲ.

ಇನ್ನೊಂದು ವಿಷಯವನ್ನು ಇವತ್ತೇ ಎದ್ದು ಹೋಗಿ ನೋಡಿ. ಸಾಫ್ಟ್‌ನರ್ ತನ್ನನ್ನು ತಾನು ತೊಳೆದುಕೊಂಡಾಗ ಹೊರಬೀಳುವ ನೀರಿನ ಪೈಪು ಎಲ್ಲಿಗೆ ಹೋಗಿದೆ? ಅದು ಬರೀ ಉಪ್ಪುನೀರು. ‘ನೀರು ಯಾಕೆ ವ್ಯರ್ಥವಾಗಬೇಕು’ ಎಂಬ ಸದುದ್ದೇಶದಿಂದ ಅದನ್ನು ಗಿಡಗಳ ಪಾತಿಗೆ ತಿರುಗಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಆ ಪಾತಿಯಲ್ಲಿ ಕಳೆಯೂ ಹುಟ್ಟುವುದಿಲ್ಲ.

ಹಾಗಿದ್ದರೆ ಪರಿಹಾರವೇನು? ಮೊದಲನೆಯದು ಪ್ಲಂಬರಿನ ಕೆಲಸ. ಸಾಫ್ಟ್‌ನರಿಗೆ ನೀರು ಹೋಗುವ ಮೊದಲೇ ಒಂದು ಕವಲು ತೆಗೆಸಿ ತೋಟದ ನಲ್ಲಿಗೆ ಬೇರೆ ಪೈಪು ಕೊಡಿಸಿ. ಹಸಿ ಬೋರ್‌ವೆಲ್ ನೀರು ಗಡಸೇ ಇರಬಹುದು, ಅದರಲ್ಲಿರುವ ಕ್ಯಾಲ್ಸಿಯಂ ನಿಮ್ಮ ಮಣ್ಣಿಗೆ ಈಗ ಔಷಧವಿದ್ದಂತೆ. ಎರಡನೆಯದು ಜಿಪ್ಸಂ. ಅದರಲ್ಲಿರುವ ಕ್ಯಾಲ್ಸಿಯಂ ಮಣ್ಣಿಗೆ ಹತ್ತಿದ ಸೋಡಿಯಮ್ಮನ್ನು ಬಿಡಿಸುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕೃಷಿ ಜಿಪ್ಸಂ ತನ್ನಿ. ಹಾರ್ಡ್‌ವೇರ್ ಅಂಗಡಿಯವರು ಅದೇ ಎಂದು ಪ್ಲಾಸ್ಟರ್ ಆಫ್ ಪ್ಯಾರಿಸ್ ಕೊಟ್ಟರೆ ತರಬೇಡಿ, ಅದು ನೆಲದ ಮೇಲೆ ಗಟ್ಟಿಯಾಗಿ ಕೂರುತ್ತದೆ. ನಿಮ್ಮ 600 ಚದರ ಅಡಿ ಎಂದರೆ ಸುಮಾರು 56 ಚದರ ಮೀಟರ್. ಮರದ ಕೆಳಗಿನ ಭಾಗವನ್ನು ಬಿಟ್ಟು (ಬಿಡುವುದು ಏಕೆಂದು ಮುಂದೆ ಹೇಳುತ್ತೇನೆ) 40 ಚದರ ಮೀಟರ್ ಎಂದುಕೊಳ್ಳೋಣ. ಮೀಟರಿಗೆ 200 ಗ್ರಾಂನಂತೆ 8 ಕೆ.ಜಿ. ಸಾಕು. ಒಮ್ಮೆಲೇ ಬೇಡ. ಈಗ ಅರ್ಧ, ಮುಂಗಾರು ಹಿಡಿದ ಮೇಲೆ ಇನ್ನರ್ಧ. ಒಣಗಿದ ಹುಲ್ಲಿನ ಮೇಲೆ ಸಮನಾಗಿ ಹರಡಿ, ಪೊರಕೆಯಿಂದ ತಟ್ಟಿ ಬುಡಕ್ಕೆ ಇಳಿಸಿ, ನಂತರ ನೀರು ಕೊಡಿ. ಜಿಪ್ಸಂ ನೀರಿನಲ್ಲಿ ಕರಗುವುದು ಬಹಳ ನಿಧಾನ, ಆದ್ದರಿಂದ ವಾರದಲ್ಲಿ ಪವಾಡ ಕಾಣುವುದಿಲ್ಲ. ಸೋಡಿಯಂ ಬಿಡುಗಡೆಯಾಗಿ ಕೆಳಕ್ಕೆ ತೊಳೆದುಹೋಗಬೇಕು. ಆ ಕೆಲಸಕ್ಕೆ ಮಳೆಗಿಂತ ಒಳ್ಳೆಯ ನೀರಿಲ್ಲ. ನಿಮ್ಮ ಮನೆಯಲ್ಲಿ ಮಳೆನೀರಿನ ಸಂಪು ಇದ್ದರೆ ಮೊದಲ ಹಕ್ಕು ಹುಲ್ಲಿನದಾಗಲಿ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿನಷ್ಟು ನೀರು ಸುರಿದಂತೆ, ಅದರಲ್ಲಿ ಬಹುಪಾಲನ್ನು ಹಿಡಿಯಬಹುದು.

ಆದರೆ ಕೆಳಕ್ಕೆ ಇಳಿಯಲು ನೀರಿಗೆ ದಾರಿ ಬೇಕಲ್ಲ? ಇಲ್ಲಿ ನಮ್ಮ ನರ್ಸರಿಗಳ ಒಂದು ಪದ್ಧತಿಯನ್ನು ಹೇಳಲೇಬೇಕು. ನೀವು ಹಾಕಿಸಿದ ಹುಲ್ಲು ಸಾಮಾನ್ಯವಾಗಿ ಜೋಯ್ಸಿಯಾ ಎಂಬ ಕುಲದ್ದು. ಅದು ಚೌಕ ಚೌಕವಾಗಿ ಬರುವಾಗ ಬುಡದಲ್ಲಿ ಒಂದಂಗುಲದಷ್ಟು ಜೇಡಿ ಮಣ್ಣನ್ನು ಅಂಟಿಸಿಕೊಂಡೇ ಬರುತ್ತದೆ. ಸಾಗಿಸುವಾಗ ಚೌಕ ಒಡೆಯಬಾರದೆಂದೇ ಅಂಥ ಮಣ್ಣು. ಅದನ್ನು ನಿಮ್ಮ ಅಂಗಳದಲ್ಲಿ ಮನೆ ಕಟ್ಟಿದವರು ಬಿಟ್ಟುಹೋದ ಸಿಮೆಂಟು, ಇಟ್ಟಿಗೆ ಚೂರು, ಕೆಂಪು ಮಣ್ಣಿನ ಮೇಲೆ ಹಾಸುತ್ತಾರೆ. ಮೇಲೊಂದು ಜೇಡಿಯ ಚಾಪೆ, ಕೆಳಗೊಂದು ಬೇರೆಯದೇ ನೆಲ. ಎರಡರ ನಡುವೆ ನೀರೂ ಬೇರೂ ತಡೆದು ನಿಲ್ಲುತ್ತವೆ. ಒಂದು ಚೂರು ಹುಲ್ಲನ್ನು ಚಾಕುವಿನಿಂದ ಚೌಕವಾಗಿ ಕೊಯ್ದು ಮೇಲೆತ್ತಿ ನೋಡಿ. ಬೇರುಗಳು ಆ ಒಂದಂಗುಲದಲ್ಲೇ ಜಡೆಯಂತೆ ಹೆಣೆದುಕೊಂಡಿದ್ದರೆ ಎರಡು ಹೊತ್ತು ನೀರು ಬಿಟ್ಟರೂ ಹುಲ್ಲು ಏಕೆ ಸೊರಗುತ್ತಿತ್ತು ಎಂಬುದು ತಿಳಿಯುತ್ತದೆ. ಎಲೆ ಮತ್ತು ಮಣ್ಣಿನ ನಡುವೆ ಕಂದು ಬಣ್ಣದ ಸ್ಪಂಜಿನಂಥ ಪದರವೂ ಕಾಣಬಹುದು. ಅದು ಸತ್ತ ಬುಡಗಳು, ಬಳ್ಳಿಗಳು ಕೂಡಿ ಆದದ್ದು. ಅರ್ಧ ಅಂಗುಲದವರೆಗೆ ಚಿಂತೆಯಿಲ್ಲ. ಅದಕ್ಕಿಂತ ದಪ್ಪವಾದರೆ ಕಬ್ಬಿಣದ ಹಲ್ಲಿನ ರೇಕಿನಿಂದ ಎಳೆದು ತೆಗೆಯಬೇಕು.

ಮಣ್ಣಿನ ವಿಷಯದಲ್ಲಿ ನಾನೂ ಪೆಟ್ಟು ತಿಂದವನು. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಜಯನಗರದ ಒಂದು ಮನೆಯ ಹುಲ್ಲಿಗೆ ಕೆರೆಗೋಡಿಗಿಂತ (ಕೆರೆಯ ಹೂಳಿಗಿಂತ) ಸತ್ವದ ಮಣ್ಣು ಉಂಟೇ ಎಂದು ಎರಡು ಟ್ರ್ಯಾಕ್ಟರ್ ಗೋಡು ತರಿಸಿ ಹರಡಿಸಿದ್ದೆ. ರಾಗಿ ಹೊಲಕ್ಕೆ ಗೋಡು ಹೊಡೆದು ಗೊತ್ತಿದ್ದ ಕೈ ನನ್ನದು. ಮೊದಲ ದೊಡ್ಡ ಮಳೆಗೆ ಆ ಅಂಗಳ ಗದ್ದೆಯಾಯಿತು. ಮನೆಯ ಯಜಮಾನರು ಬೈಯಲಿಲ್ಲ, ‘ನಾಟಿ ಯಾವಾಗ?’ ಎಂದು ಕೇಳಿದರು. ಹುಲ್ಲುಹಾಸಿಗೆ ಸತ್ವಕ್ಕಿಂತ ಮೊದಲು ಬೇಕಾದದ್ದು ಬಸಿಯುವ ಗುಣ ಎಂಬುದನ್ನು ನಾನು ಅಲ್ಲಿ ಕಲಿತೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಮತ್ತೆ ಶುರುವಾಗುವುದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. 2017ರಲ್ಲಿ ಅಲ್ಲಿ ಮೈದಾನವನ್ನು ಅಗೆದು ಮರಳಿನ ತಳ ಹಾಕಿ, ನೆಲದಡಿಯಿಂದ ನೀರನ್ನು ಹೀರುವ, ಬೇರಿಗೆ ಗಾಳಿ ಊದುವ ಸಬ್‌ಏರ್ ವ್ಯವಸ್ಥೆಯನ್ನು ಕೂರಿಸಿದರು. ಕೋಟಿಗಟ್ಟಲೆ ಖರ್ಚು ಮಾಡಿ ಅವರು ಕೊಟ್ಟದ್ದು ಬೇರಿಗೆ ಗಾಳಿ, ನೀರಿಗೆ ದಾರಿ. ನೀವು ಅದನ್ನೇ ಒಂದು ಫೋರ್ಕಿನಲ್ಲಿ ಮಾಡಬೇಕು.

ಮೇ ಕೊನೆಯಲ್ಲಿ ನಾಲ್ಕೈದು ಮಳೆ ಬಿದ್ದು ಹುಲ್ಲು ಚಿಗುರುವ ಹೊತ್ತು ಇದಕ್ಕೆ ಹದ. ನೆಲ ಹಸಿಯಾಗಿರಬೇಕು, ಕೆಸರಾಗಿರಬಾರದು. ತೋಟದ ಫೋರ್ಕನ್ನು ನಾಲ್ಕು ಅಂಗುಲ ಆಳಕ್ಕೆ ಇಳಿಸಿ, ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸಿ, ಹೊರತೆಗೆಯಿರಿ. ಗೇಣಿಗೊಂದರಂತೆ ಇಡೀ ಹಾಸಿನಲ್ಲಿ ಚುಚ್ಚುತ್ತಾ ಹೋಗಬೇಕು. ಎರಡು ದಿನದ ಕೆಲಸ, ಬೆನ್ನು ನೋಯುತ್ತದೆ, ಕೂಲಿಗೆ ಜನ ಕರೆಸಿದರೆ ತಪ್ಪಿಲ್ಲ. ಚುಚ್ಚಿದ ಮೇಲೆ ಎರಡು ಪಾಲು ದಪ್ಪ ಮರಳು, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ತೆಳ್ಳಗೆ ಹರಡಿ, ತೂತುಗಳಿಗೆ ಗುಡಿಸಿ ತುಂಬಿ. ಎಲೆಯ ತುದಿಗಳು ಮೇಲೆ ಕಾಣುತ್ತಲೇ ಇರಬೇಕು. ಐದು ಮಿಲಿಮೀಟರ್ ದಪ್ಪಕ್ಕೆ ನಿಮ್ಮ 40 ಚದರ ಮೀಟರಿಗೆ 200 ಲೀಟರ್ ಮಿಶ್ರಣ, ಅಂದರೆ 15 ಲೀಟರಿನ ಬಕೆಟ್ಟಿನಲ್ಲಿ ಹದಿಮೂರು ಹದಿನಾಲ್ಕು ಬಕೆಟ್. ಎಂ-ಸ್ಯಾಂಡ್ ಬಳಸುವುದಾದರೆ ಅದರ ಹಿಟ್ಟನ್ನು ತೊಳೆದು ತೆಗೆಯಿರಿ, ಇಲ್ಲದಿದ್ದರೆ ತೂತು ತುಂಬುವ ಬದಲು ಮುಚ್ಚಿಹೋಗುತ್ತದೆ. ತಿಪ್ಪೆಯಿಂದ ನೇರ ತಂದ ಕೊಟ್ಟಿಗೆ ಗೊಬ್ಬರವಂತೂ ಬೇಡವೇ ಬೇಡ. ಪೂರ್ತಿ ಕಳಿಯದ ಸಗಣಿಯಲ್ಲಿ ದನ ತಿಂದ ಕಳೆಯ ಬೀಜಗಳೆಲ್ಲ ಜೀವಂತವಾಗಿರುತ್ತವೆ. ವರ್ಷಕ್ಕೊಮ್ಮೆ ಅದನ್ನು ಹರಡಿಸಿ, ಉಳಿದ ಹನ್ನೊಂದು ತಿಂಗಳು ಕಳೆ ಕೀಳಿಸುವ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ಇನ್ನು ನೀರಿನ ಅಳತೆ. ಎರಡು ಹೊತ್ತಿನ ನೀರನ್ನು ಇವತ್ತಿಗೇ ನಿಲ್ಲಿಸಿ. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಕೂರುತ್ತದೆ, ಕೆಳಗಿಳಿಯುವ ಗರಜು ಅದಕ್ಕೇನಿದೆ? ನಮ್ಮ ಬೇಸಿಗೆಯಲ್ಲಿ ಇಂಥ ಹುಲ್ಲಿಗೆ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಬೇಕಾಗುತ್ತದೆ. ನಾಲ್ಕು ದಿನಕ್ಕೊಮ್ಮೆ 15 ಮಿಲಿಮೀಟರ್ ಒಟ್ಟಿಗೆ ಕೊಡಿ. 40 ಚದರ ಮೀಟರಿಗೆ ಅದು 600 ಲೀಟರ್. ಅಂಚು ನೇರವಿರುವ ಎರಡು ಮೂರು ಸ್ಟೀಲ್ ಡಬ್ಬಿಗಳನ್ನು ಹುಲ್ಲಿನ ಮೇಲಿಟ್ಟು ಸ್ಪ್ರಿಂಕ್ಲರ್ ಬಿಟ್ಟರೆ ಎಷ್ಟು ಹೊತ್ತಿಗೆ 15 ಮಿಲಿಮೀಟರ್ ತುಂಬುತ್ತದೆಂದು ಒಮ್ಮೆ ಗೊತ್ತುಮಾಡಿಕೊಂಡರೆ ಸಾಕು. ನೀರು ಹರಿದು ಹೊರಹೋಗತೊಡಗಿದರೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಕೊಡಿ. ಈಗ ಒಂದಂಗುಲದ ಬೇರಿಗೆ ನಾಲ್ಕು ದಿನ ಕಾಯುವ ಶಕ್ತಿ ಇರಲಾರದು. ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ, ಹೀಗೆ ಅಭ್ಯಾಸ ಮಾಡಿಸಿ. ನೀರಿನ ಹೊತ್ತು ಬಂತೆಂದು ಹುಲ್ಲೇ ಹೇಳುತ್ತದೆ. ನಡೆದು ಹೋದ ಮೇಲೆ ಹೆಜ್ಜೆ ಗುರುತು ಏಳದೆ ಉಳಿದರೆ, ಹಸಿರಿಗೆ ಒಂದು ಬೂದುನೀಲಿ ಛಾಯೆ ಬಂದರೆ ಅದು ಬಾಯಾರಿಕೆ. ಕೊಡುವುದು ಬೆಳಗಿನ ಜಾವದಲ್ಲಿರಲಿ. ಸಂಜೆಯ ನೀರಿನಿಂದ ರಾತ್ರಿಯೆಲ್ಲ ಎಲೆ ಒದ್ದೆಯಾಗಿರುತ್ತದೆ, ಶಿಲೀಂಧ್ರಕ್ಕೆ ಅದಕ್ಕಿಂತ ಹಬ್ಬ ಬೇಕೇ?

ಬೇಸಿಗೆಯಲ್ಲಿ ಹುಲ್ಲಿಗೆ ಇಷ್ಟು ನೀರು ಕೊಡುವುದು ಸರಿಯೇ ಎಂದು ನೀವು ಕೇಳಿಲ್ಲ, ನನಗೆ ಮಾತ್ರ ಆ ಪ್ರಶ್ನೆ ಚುಚ್ಚುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಬೇಕಾಯಿತು. ಅಂಥ ಬೇಸಿಗೆ ಮತ್ತೆ ಬಂದರೆ ಹುಲ್ಲನ್ನು ಬಿಟ್ಟುಬಿಡಿ. ಆಳಕ್ಕೆ ಬೇರಿಳಿದ ಜೋಯ್ಸಿಯಾ, ಗರಿಕೆ ಎರಡೂ ಕೆಲವು ವಾರ ಕಂದಾಗಿ ಮಲಗಿ, ಏಪ್ರಿಲ್‌ನ ಒಂದೆರಡು ಮಳೆಗೆ ಮತ್ತೆ ಏಳುತ್ತವೆ. ಕಂದಾದ ಹುಲ್ಲೆಲ್ಲ ಸತ್ತ ಹುಲ್ಲಲ್ಲ. ವಾಷಿಂಗ್ ಮಷೀನಿನ ನೀರನ್ನು ಬಿಡುವ ಯೋಚನೆ ಬಂದರೆ ಅದರಲ್ಲಿರುವುದೂ ಸೋಡಿಯಮ್ಮೇ ಎಂಬುದು ನೆನಪಿರಲಿ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲೂ ಲವಣ ಹೆಚ್ಚು. ಅದು ನೆಲ ಒರೆಸಲು ಇರಲಿ.

ಕತ್ತರಿಸುವ ವಿಷಯದಲ್ಲಿ ನಿಮ್ಮ ಮಾಲಿಯೊಡನೆ ಸ್ವಲ್ಪ ಗಟ್ಟಿಯಾಗಿ ಮಾತನಾಡಬೇಕಾಗುತ್ತದೆ. ತಿಂಗಳಿಗೊಮ್ಮೆ ಬಂದು ಬುಡದವರೆಗೆ ಬೋಳಿಸಿ ಹೋಗುವುದು ಅವರ ಸಂಬಳದ ಲೆಕ್ಕಕ್ಕೆ ಸರಿ, ಹುಲ್ಲಿನ ಲೆಕ್ಕಕ್ಕೆ ಅಲ್ಲ. ಒಮ್ಮೆಗೆ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ನಿಮ್ಮ ಹುಲ್ಲನ್ನು ಒಂದೂವರೆ ಅಂಗುಲದಲ್ಲಿ ನಿಲ್ಲಿಸಿ, ಎರಡು ಅಂಗುಲ ದಾಟಿದಾಗ ಕತ್ತರಿಸಿ. ಮಳೆಗಾಲದಲ್ಲಿ ಅದು ಹತ್ತು ದಿನಕ್ಕೊಮ್ಮೆ ಬಂದೀತು, ಚಳಿಗಾಲದಲ್ಲಿ ತಿಂಗಳಾದರೂ ಬರಲಿಕ್ಕಿಲ್ಲ. ಬ್ಲೇಡ್ ಮೊಂಡಾಗಿದ್ದರೆ ಎಲೆ ಕತ್ತರಿಸಿ ಹೋಗುವುದಿಲ್ಲ, ಹರಿದು ಹೋಗುತ್ತದೆ, ಮರುದಿನ ಇಡೀ ಹಾಸಿನ ಮೇಲೆ ಬಿಳಿಚು ಬೂದಿ ಎರಚಿದಂತೆ ಕಾಣುತ್ತದೆ. ನೀವು ‘ಸುಟ್ಟ ತುದಿ’ ಎಂದದ್ದರಲ್ಲಿ ಇದರ ಪಾಲೂ ಇರಬಹುದು. ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ: ನಾರುನಾರಾಗಿದ್ದರೆ ಬ್ಲೇಡಿನ ತಪ್ಪು, ನಯವಾಗಿ ಒಣಗಿದ್ದರೆ ಲವಣದ್ದು ಅಥವಾ ಯೂರಿಯಾದ್ದು. ಕತ್ತರಿಸಿದ ಹುಲ್ಲು ಸಣ್ಣದಾಗಿದ್ದರೆ ಅಲ್ಲೇ ಬಿಡಿ. ಅದರಲ್ಲಿರುವ ಸಾರಜನಕ ಮಣ್ಣಿಗೇ ಮರಳುತ್ತದೆ, ಅಷ್ಟು ಯೂರಿಯಾ ಉಳಿಯಿತು.

ಯೂರಿಯಾದ ಮಾತು ಬಂತು. ಮುಷ್ಟಿಯಲ್ಲಿ ಎರಚುವುದು ನಿಲ್ಲಲಿ. ಅದರಲ್ಲಿ ಶೇ 46ರಷ್ಟು ಸಾರಜನಕವಿದೆ, ಒದ್ದೆ ಎಲೆಯ ಮೇಲೆ ಕುಳಿತರೆ ಸುಡುತ್ತದೆ. ಮಣ್ಣು ಸುಧಾರಿಸಿದ ಮೇಲೆ, ಅಂದರೆ ಜುಲೈ ಹೊತ್ತಿಗೆ, ಚದರ ಮೀಟರಿಗೆ 5 ಗ್ರಾಂನಂತೆ 200 ಗ್ರಾಂ ತೂಗಿ, ಅಷ್ಟೇ ಒಣ ಮರಳಿನೊಂದಿಗೆ ಬೆರೆಸಿ, ಒಣ ಎಲೆಯ ಮೇಲೆ ಹರಡಿ, ತಕ್ಷಣ ನೀರು ಕೊಡಿ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ವರ್ಷಕ್ಕೆ ಅಷ್ಟೇ ಸಾಕು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಚಳಿಗೆ ಈ ಹುಲ್ಲು ಬೆಳವಣಿಗೆ ತಗ್ಗಿಸಿ ಸ್ವಲ್ಪ ಮಂಕಾಗುವುದು ಸಹಜ, ಅದನ್ನು ಯೂರಿಯಾದಿಂದ ಎಬ್ಬಿಸಲು ಹೋಗಬೇಡಿ.

ಹಳದಿಯಲ್ಲೂ ಎರಡು ಬಗೆಯಿದೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕ ಸಾಲದು. ಹೊಸ ಚಿಗುರೇ ಹಳದಿಯಾಗಿ, ಉದ್ದುದ್ದ ಹಸಿರು ಗೆರೆಗಳು ಉಳಿದಿದ್ದರೆ ಕಬ್ಬಿಣದ ಕೊರತೆ. ಸಿಮೆಂಟು, ಸುಣ್ಣ ಬೆರೆತ ಅಂಗಳಗಳಲ್ಲಿ, ಗಡಸು ನೀರು ಕುಡಿಯುವ ನೆಲದಲ್ಲಿ ಇದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಬೋರ್‌ವೆಲ್ ನೀರಿಗೆ ಮರಳಿದ ಮೇಲೆ ನಿಮಗೂ ಇದು ಕಾಣಿಸಬಹುದು. ಆಗ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರಿಗೆ 5 ಗ್ರಾಂನಂತೆ ಕರಗಿಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ. ವಾರದೊಳಗೆ ಬಣ್ಣ ತಿರುಗುತ್ತದೆ. ಪಕ್ಕದ ಟೈಲ್ಸ್, ಗ್ರಾನೈಟಿನ ಮೇಲೆ ಹನಿ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಒಣಗುವ ಮೊದಲೇ ನೀರು ಹಾಕಿ ತೊಳೆದುಬಿಡಿ.

ಮಾವಿನ ಮರದ ಕೆಳಗೆ ಹುಲ್ಲು ಬೆಳೆಸುವ ಆಸೆಯನ್ನು ಬಿಡಿ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಯಾವ ಗೊಬ್ಬರವೂ ಹುಲ್ಲನ್ನು ಉಳಿಸುವುದಿಲ್ಲ. ಮೇಲೆ ನೆರಳು, ಕೆಳಗೆ ಮರದ ಬೇರಿನ ಪೈಪೋಟಿ. ಹುಲ್ಲಿಗೋಸ್ಕರ ಮಾವಿನ ಕೊಂಬೆ ಕಡಿಸಿದವರನ್ನು ನಾನು ಇದುವರೆಗೂ ಕ್ಷಮಿಸಿಲ್ಲ. ಬುಡದಿಂದ ಎರಡು ಅಡಿ ಬಿಟ್ಟು, ಅದರಾಚೆ ಒಂದೆಲಗ ನೆಡಿ. ತುಸು ತೇವವಿದ್ದರೆ ನೆರಳಿನಲ್ಲಿ ಹಬ್ಬುತ್ತದೆ, ಬೇಕಾದಾಗ ತಂಬುಳಿಗೂ ಆಗುತ್ತದೆ (ಅಡುಗೆಗೆ ಕೊಯ್ಯುವುದಾದರೆ ಅಲ್ಲಿಗೆ ಯಾವ ಔಷಧಿಯನ್ನೂ ಸಿಂಪಡಿಸಬೇಡಿ). ತೇವ ನಿಲ್ಲದ ಕಡೆ ಮಾಂಡೋ ಹುಲ್ಲು ಆದೀತು, ಹೆಸರಿಗೆ ಹುಲ್ಲಾದರೂ ಅದು ಹುಲ್ಲಿನ ಜಾತಿಯಲ್ಲ, ಕತ್ತರಿಸುವ ತಾಪತ್ರಯವೂ ಇಲ್ಲ. ಇಲ್ಲವೇ ಉದುರಿದ ಮಾವಿನೆಲೆಯನ್ನು ಅಲ್ಲೇ ಬಿಡಿ.

ಅಣಬೆಗೆ ಹೆದರಬೇಡಿ. ಕೆಳಗೆ ಎಲ್ಲೋ ಸೆಂಟ್ರಿಂಗ್ ಹಲಗೆಯ ತುಂಡೋ ಹಳೆಯ ಬೇರೋ ಕೊಳೆಯುತ್ತಿದೆ. ಮಕ್ಕಳು ಬಾಯಿಗೆ ಹಾಕದಂತೆ ಕಿತ್ತು ಬಿಸಾಡಿ, ಅಷ್ಟೇ. ಗೊಣ್ಣೆ ಹುಳುವಿನ ಅನುಮಾನವಿದ್ದರೆ ಹಳದಿ ತೇಪೆಯನ್ನು ಹಿಡಿದು ಎಳೆಯಿರಿ. ಬೇರು ಕತ್ತರಿಸಿಹೋಗಿ ಚಾಪೆಯಂತೆ ಸುರುಳಿ ಎದ್ದರೆ ಮಾತ್ರ ಅದರ ಕಾಟ. ಜೇಕಿನದು ಬೇರೆ ಕಥೆ. ಅದರ ಗಡ್ಡೆಗಳು ನೆಲದಡಿಯಲ್ಲಿ ಸರದಂತೆ ಪೋಣಿಸಿಕೊಂಡಿರುತ್ತವೆ. ಮೇಲಿನದನ್ನು ಕಿತ್ತರೆ ಸರ ತುಂಡಾಗಿ ಉಳಿದ ಗಡ್ಡೆಗಳೆಲ್ಲ ಒಟ್ಟಿಗೆ ಮೊಳೆಯುತ್ತವೆ. ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆದರೆ ಜೇಕಿನೊಂದಿಗೆ ಹುಲ್ಲೂ ಹೋಗುತ್ತದೆ. ನೀರು ನಿಲ್ಲುವ ನೆಲ ಅದಕ್ಕೆ ತವರುಮನೆ. ನೀರು ಕಡಿಮೆಯಾಗಿ, ನೆಲ ಬಸಿಯತೊಡಗಿ, ಹುಲ್ಲು ದಟ್ಟವಾದರೆ ಅದು ಸೊರಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೊಸ ಮೊಳಕೆ ನಾಲ್ಕೆಲೆ ಬಿಡುವ ಮೊದಲೇ ಗಡ್ಡೆಸಮೇತ ಅಗೆದು ತೆಗೆಯುತ್ತಿರಬೇಕು. ಎರಡು ವರ್ಷದ ತಾಳ್ಮೆ ಬೇಡುವ ಕೆಲಸ ಇದು.

ಕೊನೆಯದಾಗಿ, ಕಾಂಪೌಂಡಿನ ಕಡೆಯಿಂದ ನುಗ್ಗುತ್ತಿರುವ ಗರಿಕೆ. ಅದನ್ನು ಕಳೆ ಎಂದು ಕೀಳಿಸುತ್ತಿದ್ದೀರೇನೋ. ಬರ್ಮುಡಾ ಎಂದು ಹೊರದೇಶದ ಹೆಸರಿಟ್ಟು ನರ್ಸರಿಯಲ್ಲಿ ಮಾರುವುದು ಇದೇ ಗರಿಕೆಯ ಬಳಗವನ್ನು. ಗಾಲ್ಫ್ ಮೈದಾನಗಳಲ್ಲಿ ಬೆಳೆಸುವುದೂ ಇದರ ತಳಿಗಳನ್ನೇ. ಬಿಸಿಲು, ತುಳಿತ, ಉಪ್ಪು ಮೂರನ್ನೂ ಇದು ಚೆನ್ನಾಗಿ ತಾಳಿಕೊಳ್ಳುತ್ತದೆ. ಅದು ನಿಮ್ಮ ಹುಲ್ಲಿನೊಳಗೆ ನುಗ್ಗುತ್ತಿರುವುದು ಇದೇ ಕಾರಣಕ್ಕಿರಬೇಕು. ಜಿಪ್ಸಂ, ಫೋರ್ಕು, ಮರಳು ಎಲ್ಲ ಮಾಡಿಯೂ ಮುಂದಿನ ದಸರಾ ಹೊತ್ತಿಗೆ ಜೋಯ್ಸಿಯಾ ಚೇತರಿಸಿಕೊಳ್ಳದ ಕಡೆಗಳನ್ನು ಗರಿಕೆಗೆ ಬಿಟ್ಟುಕೊಡಿ. ವಾರಕ್ಕೊಮ್ಮೆ ಕತ್ತರಿಸಿದರೆ ಅದೂ ಚೆನ್ನಾಗಿಯೇ ಹಾಸಿಕೊಳ್ಳುತ್ತದೆ. ಹೂವಿನ ಪಾತಿಯ ಕಡೆಗೆ ಮಾತ್ರ ಅರ್ಧ ಅಡಿ ಆಳಕ್ಕೆ ಕಲ್ಲಿನ ಅಂಚು ಕಟ್ಟಿಸಿ, ಇಲ್ಲದಿದ್ದರೆ ಗುಲಾಬಿಯ ಬುಡದಲ್ಲೂ ಅದೇ ಇರುತ್ತದೆ. ಗಣೇಶ ಚೌತಿಯ ಹಿಂದಿನ ವಾರ ಕತ್ತರಿಸುವುದು ಬೇಡವೆಂದು ಮಾಲಿಗೆ ಹೇಳಿಡಿ, ಪೂಜೆಗೆ ಬೇಕಾದ ಇಪ್ಪತ್ತೊಂದು ಗರಿಕೆ ಅಂಗಳದಲ್ಲೇ ಸಿಗುತ್ತದೆ.